ಒಂದು ಕಾಗದಕ್ಕಾಗಿ ನಂಜನಗೂಡು, ನರಸೀಪುರ

ಬೆಳಿಗ್ಗೆ ಏಳಕ್ಕೆ ಮೈಸೂರು ಬಿಟ್ಟವನು ಎಂಟಕ್ಕೆ ನಂಜನಗೂಡಿನಲ್ಲಿ ಇಳಿದೆ. ತೀರಿಕೊಂಡ ದೊಡ್ಡ ಕಾದಂಬರಿಕಾರರೊಬ್ಬರ ಪತ್ರಗಳನ್ನು ಪುಸ್ತಕ ಮಾಡುವ ಕೆಲಸ ಹಚ್ಚಿಕೊಂಡು ಎರಡು ವರ್ಷದಿಂದ ಬಸ್ಸು ಹತ್ತಿ ಇಳಿಯುವುದೇ ನನ್ನ ಹಣೆಬರಹ. ಒಂದೇ ಒಂದು ಪತ್ರ ಬಾಕಿ: ಹೆಂಡತಿ ಹೋದಾಗ ಅವರು ಅಕ್ಕನಿಗೆ ಬರೆದದ್ದು. ಅದನ್ನು ನೋಡದೆ ಅಚ್ಚಿಗೆ ಒಪ್ಪುವುದಿಲ್ಲವೆಂದು ಅವರ ಮಗಳ ಹಟ. ತಾಯಿ ಸತ್ತಾಗ ಆಕೆಗೆ ಎರಡು ವರ್ಷ. ಬೆಳೆದದ್ದೆಲ್ಲ ಯಾರ್ಯಾರದೋ ಮನೆ, ಹಾಸ್ಟೆಲುಗಳಲ್ಲಿ. ಆ ಅಕ್ಕ, ಅಂದರೆ ತನ್ನ ಸೋದರತ್ತೆ, ಒಮ್ಮೆಯೂ ಬಂದು ನೋಡಲಿಲ್ಲವೆಂಬ ನೋವು ಇನ್ನೂ ಆರಿರಲಿಲ್ಲ.

ಅಕ್ಕನ ವಿಳಾಸದ ಮನೆಗೆ ಬೀಗ. ಎದುರಿನ ಎಸ್‌ಟಿಡಿ ಬೂತಿನವನು, "ಆವಮ್ಮ ಗಂಡನ ತಮ್ಮನ ಮನೇಗೆ ನರಸೀಪುರಕ್ಕೋಗಿ ನಾಕು ವರ್ಸಾಯ್ತು ಸಾ. ಮೊದ್ಲೇ ಒಂದು ಕಾಗ್ದ ಬರ್ದು ಕೇಳ್ಬಾರ್ದಾ?" ಎಂದ. ಮೂರು ಬರೆದಿದ್ದೆ, ಮಾರಾಯ! ಮೂರೂ ಆ ಬೀಗದ ಹಿಂದೆ ಬಿದ್ದಿದ್ದವು.

ಹತ್ತೂವರೆವರೆಗೆ ಬಸ್ಸಿಲ್ಲ. ಬಂದದ್ದೂ ಕೈಯೆತ್ತಿದವರಿಗೆಲ್ಲ ನಿಂತು, ಇಪ್ಪತ್ತೇಳು ಕಿಲೋಮೀಟರಿಗೆ ಒಂದೂವರೆ ಗಂಟೆ ತಿಂದಿತು. ನನ್ನ ಕಾಲಿನ ಮೇಲೆ ಯಾರದೋ ರಾಗಿ ಮೂಟೆ. ನರಸೀಪುರದಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು; ತಣ್ಣಗಾದ ಇಡ್ಲಿ ತಿಂದು ಮನೆ ಹುಡುಕಿದೆ.

ಅಕ್ಕನಿಗೆ ಎಂಬತ್ತರ ಹತ್ತಿರ. ಕಂಬಿಗೆ ಚುಚ್ಚಿಟ್ಟ ತಮ್ಮನ ಕಾಗದಗಳನ್ನೆಲ್ಲ ಮುಂದಿಟ್ಟರು. ನನಗೆ ಬೇಕಾದದ್ದೊಂದೇ ಇಲ್ಲ.

"ಸಾವಿನ ಕಾಗ್ದ ಯಾರಾದ್ರೂ ಮನೇಲಿ ಮಡಿಕತಾರೇನಪ್ಪಾ? 'ಇವಳು ಹೋದಳು' ಅಂತ ಮೊದಲ್ನೇ ಸಾಲಲ್ಲೇ ಇತ್ತು. ಬಾಗ್ಲಲ್ಲೇ ಅರ್ದಾಕಿ ತಲೆಗೆ ನೀರುಯ್ಕಂಡೆ."

"ಮಿಕ್ಕದ್ದು?"

"ಓದ್ನಿಲ್ಲ. ನಾಕು ಪುಟ ಇತ್ತು."

ತಲೆ ಚಚ್ಚಿಕೊಳ್ಳುವಂತಾಯಿತು. ಸಿಟ್ಟಿನಲ್ಲೇ ಕಂಬಿಯಿಂದ ಅದರ ನಂತರ ಬಂದ ಕಾಗದ ತೆಗೆದು ಗಟ್ಟಿಯಾಗಿ ಓದಿದೆ: 'ಮಗುವನ್ನು ಸಾಕುತ್ತೀಯಾ ಎಂದು ಕೇಳಿದ್ದೆ. ನೀನು ಉತ್ತರ ಬರೆಯಲಿಲ್ಲ. ಇರಲಿ, ಇನ್ನು ಕೇಳುವುದಿಲ್ಲ.'

"ಇದನ್ನು ಓದಿದಿರಲ್ಲ, ಆಗಲಾದರೂ ಬರೆಯಬಾರದಿತ್ತೇ ಅಮ್ಮಾ?" ಎಂದು ರೇಗಿಬಿಟ್ಟೆ.

"ಓದ್ನಿಲ್ಲ ಅಂತ ಯಾವ ಬಾಯಲ್ಲಿ ಏಳ್ಲಿ? ನಾಚ್ಕೆ ಆಯ್ತು. ಇವತ್ತು ಬರೀತೀನಿ, ನಾಳೆ ಬರೀತೀನಿ ಅಂತ ವರ್ಸಗಟ್ಲೆ ಓಯ್ತು." ಸೆರಗಿನಿಂದ ಕಣ್ಣೊರೆಸಿಕೊಂಡರು. "ಸಾಕ್ತಿದ್ದೆ ಕಣಪ್ಪ. ನಂಗೆ ಮಕ್ಳೇ ಆಗ್ನಿಲ್ಲ. ಬುಕ್ಕಲ್ಲಿ ಅಂಗೇ ಅಚ್ಚಾಕ್ಸು."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಪುಸ್ತಕ ಬೇಡ, ತಮ್ಮನ ಮಗಳಿಗೇ ಬರೆಯಿರಿ ಎಂದು ಹಾಳೆ, ಪೆನ್ನು ಕೊಟ್ಟೆ. ಮೂರು ಸಾಲಿಗೆ ಒಂದು ಗಂಟೆ ಹಿಡಿಯಿತು. ಮೈಸೂರಿನ ಬಸ್ಸು ಎಂದಿನಂತೆ ತಪ್ಪಿತು.

ಐದೂವರೆಗೆ ಮೈಸೂರಿನಲ್ಲಿಳಿದು ನೇರವಾಗಿ ಮಗಳ ಮನೆಗೆ ಹೋದೆ. ಅತ್ತೆಯ ಮೂರು ಸಾಲನ್ನು ಬಾಗಿಲಲ್ಲಿ ನಿಂತೇ ಓದಿದರು, ಮತ್ತೊಮ್ಮೆ ಓದಿದರು. ನಾನು ಪುಸ್ತಕದ ಮಾತೆತ್ತಿದೆ.

"ಅದಿರಲಿ ಬಿಡಿ. ನರಸೀಪುರಕ್ಕೆ ಈಗ ಬಸ್ಸಿದೆಯಾ?" ಎನ್ನುತ್ತ ಚಪ್ಪಲಿ ಮೆಟ್ಟತೊಡಗಿದರು.