ವರ್ನಿಯರಿಗೆ ಸಿಕ್ಕ ಜಾಜಿಕಾಯಿ

ಮೊನ್ನೆ ಸಂಭಾಜಿನಗರದಲ್ಲಿ ಮಗಳ ಅಡುಗೆಮನೆಯ ಕಪಾಟು ಒರೆಸುವಾಗ ಜಾಜಿಕಾಯಿ ಪುಡಿಯ ಪುಟ್ಟ ಡಬ್ಬಿಯೊಂದು ಕೈಗೆ ಬಂತು. ಯಾವ ಡಬ್ಬಿಯನ್ನೂ ನಾನು ಮೊದಲು ತೆರೆಯುವವಳಲ್ಲ, ತಿರುಗಿಸಿ ಹಿಂಬದಿ ಓದುವವಳು. ಕನ್ನಡಕ ಏರಿಸಿ ಓದಿದೆ. ನಾರು ಇದೆ, ಕೊಬ್ಬು ಇದೆ, ಮ್ಯಾಂಗನೀಸ್, ಮೆಗ್ನೀಷಿಯಂ, ತಾಮ್ರ ಎಲ್ಲವೂ ಇವೆ. ಊಟ ಬಿಟ್ಟು ಇದನ್ನೇ ತಿಂದುಕೊಂಡು ಇದ್ದುಬಿಡಬಹುದು ಅನ್ನಿಸುವಂಥ ಪಟ್ಟಿ. ಆದರೆ ಅದರ ತಲೆಯ ಮೇಲೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ‘ನೂರು ಗ್ರಾಮಿಗೆ’ ಎಂದಿತ್ತು. ನೀವೇ ಹೇಳಿ, ನೂರು ಗ್ರಾಂ ಜಾಜಿಕಾಯಿ ತಿಂದವರನ್ನು ಎಲ್ಲಾದರೂ ನೋಡಿದ್ದೀರಾ? ಅಷ್ಟೆಂದರೆ ಹೆಚ್ಚುಕಡಿಮೆ ಇಪ್ಪತ್ತು ಕಾಯಿ. ಒಂದೆರಡು ತಿಂದರೇ ತಲೆ ತಿರುಗಿ, ಎದೆ ಹೊಡೆದುಕೊಂಡು ಆಸ್ಪತ್ರೆ ಸೇರಬೇಕಾಗುತ್ತದೆ. ನಾವು ಹಾಕುವುದು ಶ್ರೀಖಂಡಕ್ಕೆ ಒಂದು ಚಿಟಿಕೆ, ಹೋಳಿಗೆಯ ಹೂರಣಕ್ಕೆ ಇನ್ನೊಂದು ಚಿಟಿಕೆ. ಅದರಲ್ಲಿ ಮ್ಯಾಂಗನೀಸ್ ಎಷ್ಟು ಸಿಕ್ಕೀತು, ದೇವರೇ ಬಲ್ಲ.

“ಏನ್ ಝಾಲಂ ಮಮ್ಮಿ? ಎಕ್ಸ್‌ಪೈರಿ ಆಗ್ಯಾದೇನು?” ಎಂದಳು ಮಗಳು, ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ.

“ಪುಡಿಯಾಗ ಏನ್ ಕೂಡ್ಸಿರ್ತಾರೋ ಯಾರಿಗ್ ಗೊತ್ತು.”

“ನಿನಗ ಎಲ್ಲಾರ ಮ್ಯಾಲ ಸಂಶಯ. ನೇಹಮೀಚ್.” ‘ಆಯ್ತು’, ‘ಯಾವಾಗಲೂ’ ಎನ್ನಬೇಕಾದಲ್ಲೆಲ್ಲ ಅವಳಿಗೆ ಮರಾಠಿಯೇ ಬಾಯಿಗೆ ಬರುತ್ತದೆ. ನಾಸಿಕದಲ್ಲಿ ಹುಟ್ಟಿ ಬೆಳೆದವಳು. ನಮ್ಮ ಭಾಲ್ಕಿಯ ಕನ್ನಡ ಅವಳ ಕಿವಿಗೆ ಪೂರಾ ಹತ್ತುತ್ತದೆ, ನಾಲಿಗೆಗೆ ಅರ್ಧವೇ.

ಅವಳ ಮಾತು ಸುಳ್ಳಲ್ಲ. ಸಂಶಯಪಡುವುದಕ್ಕೇ ಸಂಬಳ ತೆಗೆದುಕೊಂಡವಳು ನಾನು. ನಾಸಿಕದ ಸಾತಪುರದ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ನೋಡುವುದು ನನ್ನ ಕೆಲಸವಾಗಿತ್ತು. ಕೈಯಲ್ಲಿ ಸದಾ ವರ್ನಿಯರ್, ಅಂದರೆ ಕೂದಲಿನ ದಪ್ಪವನ್ನೂ ಹೇಳಿಬಿಡುವ ಉಕ್ಕಿನ ಅಳತೆಗೋಲು. ಅದರ ದವಡೆಗೆ ಸಿಕ್ಕಿಸಿ ನೋಡದೆ ಯಾವ ತುಂಡನ್ನೂ ನಾನು ಸರಿ ಎಂದವಳಲ್ಲ. ಚಾಂದವಡದ ಈರುಳ್ಳಿಯವನು ಬಂದರೆ ಅವನ ತಕ್ಕಡಿಯ ತಳವನ್ನೂ ಮುಟ್ಟಿ ನೋಡುತ್ತಿದ್ದೆ. ಅವನು ನಕ್ಕರೆ ಏಕೆ ನಕ್ಕ ಎಂದು ಇನ್ನೊಂದು ಸಂಶಯ.

ಮಗಳಿಗೆ ಎಂಟು ತಿಂಗಳಾದಾಗ ರಜೆ ಮುಗಿದು ಮತ್ತೆ ಕೆಲಸಕ್ಕೆ ಹೊರಟೆ. ನನ್ನವರದು ಪಾಳಿಯ ದುಡಿಮೆ. ಕೂಸನ್ನು ನೋಡಿಕೊಳ್ಳಲು ಸಿಕ್ಕವಳು ಭೀಮಬಾಯಿ. ಆಳಂದದ ಕಡೆಯವಳು, ಐವತ್ತು ದಾಟಿದವಳು. ಅವಳ ಮಗ ಸೊಸೆ ನಮ್ಮ ಓಣಿಯ ಹಿಂದೆ ಏಳುತ್ತಿದ್ದ ಕಟ್ಟಡದಲ್ಲಿ ದುಡಿಯುತ್ತಿದ್ದರು. ಮೊದಲ ದಿನವೇ ಅವಳ ಕಣ್ಣು, ಅವ್ವ ಊರಿಂದ ಕಳಿಸಿದ್ದ ತೇಯುವ ಕಲ್ಲು ಮತ್ತು ಜಾಜಿಕಾಯಿಯ ಮೇಲೆ ಬಿತ್ತು.

“ಛಲೋ ಆಯ್ತರಿ ಅಕ್ಕೋರೆ! ದಿನಾ ಒಂದ್ ಸುತ್ತ ತೇದು ಹಾಲಾಗ ಕೊಟ್ರ ಕೂಸು ಹಾಯಾಗಿ ಮಲಗ್ತದ.”

ಸುತ್ತು ಎಂದರೆ ಕಾಯಿಯನ್ನು ಒದ್ದೆ ಕಲ್ಲಿನ ಮೇಲೆ ಒಮ್ಮೆ ಗುಂಡಗೆ ತಿರುಗಿಸುವುದು. ನಮ್ಮ ಕಡೆಯ ಹೆಂಗಸರಿಗೆ ಅದೇ ಚಮಚ, ಅದೇ ಗ್ರಾಂ. ನಾನು ಹೌಹಾರಿದೆ. ತೇದದ್ದು ಯಾವುದನ್ನೂ ಕೂಸಿನ ಬಾಯಿಗೆ ಹಾಕಬೇಡಿ ಎಂದು ಡಾಕ್ಟರು ಗದರಿಸಿ ಹೇಳಿದ್ದರು. “ಜಾಜಿಕಾಯಿ ಹೋಳಿಗಿಗಿ ಅಷ್ಟೇ. ಕೂಸಿಗಿ ಮುಟ್ಟಸಬ್ಯಾಡ” ಎಂದೆ. “ಆಯ್ತರಿ” ಎಂದುಬಿಟ್ಟಳು. ಒಂದು ಮಾತೂ ವಾದಿಸಲಿಲ್ಲ, ನನಗೆ ಮೊದಲ ಸಂಶಯ ಬಂದದ್ದೇ ಅಲ್ಲಿ.

ಮೊದಮೊದಲು ನನಗೆ ರಾತ್ರಿ ನಿದ್ದೆಯೇ ಇರಲಿಲ್ಲ. ಎದ್ದೆದ್ದು ಕೂಸಿನ ಮೂಗಿನ ಮುಂದೆ ಬೆರಳು ಹಿಡಿದು ಉಸಿರು ನೋಡುತ್ತಿದ್ದೆ. ಇನ್ನು ಸಂಜೆ ಮನೆಗೆ ಬಂದರೆ ಕೂಸು ಗಾಢ ನಿದ್ದೆಯಲ್ಲಿರುತ್ತಿತ್ತು. ಕರೆದರೂ ಕಣ್ಣು ಬಿಡುತ್ತಿರಲಿಲ್ಲ. ಕಲ್ಲು ಒದ್ದೆಯಾಗಿರುತ್ತಿತ್ತು. ಭೀಮಬಾಯಿ ಗುಟ್ಟಾಗಿ ಕೂಸಿಗೆ ತೇದು ಕೊಡುತ್ತಿದ್ದಾಳೆ ಎಂದುಕೊಂಡೆ. ಕೇಳಿದರೆ ಇಲ್ಲ ಎಂದೇ ಹೇಳುತ್ತಾಳೆ, ಪುರಾವೆ ಬೇಕಲ್ಲ? ನಗಬೇಡಿ. ಕಾರ್ಖಾನೆಯ ಹಳೆಯ ವರ್ನಿಯರೊಂದನ್ನು ಕೇಳಿ ತಂದು ಜಾಜಿಕಾಯಿಯನ್ನು ಅಳೆದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಉದ್ದ ಅಡ್ಡ ಎರಡನ್ನೂ ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ.

“ಹುಚ್ಚ ಹಿಡದದೇನು ನಿನಗ?” ಎಂದರು ನನ್ನವರು. “ನಾಳಿ ನನ್ನ ತಲೀನೂ ಅಳೀತಿ.”

ಆದರೆ ಕಾಯಿ ಸವೆಯುತ್ತಿತ್ತು. ದಿನಕ್ಕೆ ಕೂದಲೆಳೆಯಷ್ಟು, ತಪ್ಪದೆ. ಇನ್ನೂ ವಿಚಿತ್ರವೆಂದರೆ, ಸಂಶಯ ಗಟ್ಟಿಯಾದಂತೆ ನನಗೆ ನಿದ್ದೆ ಸೊಗಸಾಗಿ ಹತ್ತತೊಡಗಿತ್ತು. ಕಳ್ಳಿಯನ್ನು ಹಿಡಿಯುವ ದಾರಿ ಸಿಕ್ಕ ನೆಮ್ಮದಿ ಎಂದುಕೊಂಡೆ.

ಅಳೆಯತೊಡಗಿ ಹತ್ತನೆಯ ದಿನವಿರಬೇಕು, ಅರ್ಧ ರಜೆ ಹಾಕಿ ನಾಲ್ಕಕ್ಕೇ ಬಂದೆ. ಭೀಮಬಾಯಿ ಅಡುಗೆಮನೆಯಲ್ಲಿ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಜಾಜಿಕಾಯಿ ತೇಯುತ್ತಿದ್ದಳು. ಕೈ ಹಿಡಿದುಕೊಂಡೆ. “ಕೂಸಿಗಿ ವಿಷ ಹಾಕ್ಲತ್ತಿ ಏನು?” ಎಂದು ಕೂಗಿದ ನೆನಪು ಈಗಲೂ ನನ್ನ ಕಿವಿ ಸುಡುತ್ತದೆ.

ಅವಳು ಗಾಬರಿಯಾಗಲಿಲ್ಲ. “ಇದು ಕೂಸಿಗಲ್ರೀ ಅಕ್ಕೋರೆ, ನಿಮಗ. ಸಂಜೀಕ ಹಾಲ್ ಕುಡೀತೀರಲ್ಲ, ಅದರಾಗ ಎರಡ್ ಸುತ್ತ ಹಾಕ್ತೀನಿ. ನಿಮ್ಮ ಕಣ್ಣ ಹ್ಯಾಂಗ ಒಳಗ ಹೋಗಿದ್ದವು, ಕನ್ನಡ್ಯಾಗ ನೋಡ್ಕೊಂಡೀರೇನು?”

ಹೌದು. ನಾನು ಬರುವ ಹೊತ್ತಿಗೆ ಶುಂಠಿ ಬೆಲ್ಲ ಹಾಕಿದ ಬಿಸಿ ಹಾಲಿನ ಲೋಟ ಮುಚ್ಚಿಟ್ಟಿರುತ್ತಿದ್ದಳು. ಮೂಗಿನ ತುಂಬ ಯಂತ್ರದೆಣ್ಣೆಯ ವಾಸನೆ ಹೊತ್ತು ಬರುತ್ತಿದ್ದ ನಾನು ಅದನ್ನು ಗಟಗಟ ಕುಡಿದು, ಆಮೇಲೆ ವರ್ನಿಯರ್ ಹುಡುಕುತ್ತಿದ್ದೆ.

“ನನಗ್ಯಾಕ ಹೇಳ್ಲಿಲ್ಲ?”

“ಹೇಳಿದ್ರ ಕುಡೀತಿದ್ರೇನ್ರೀ?”

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ಮತ್ತ ಕೂಸು ಯಾಕ ಹಂಗ ಮಲಗ್ತದ?” ಎಂದೆ. “ಇಡೀ ದಿನ ಅದರ ಕೂಡ ಆಡತೀನ್ರೀ. ದಣೀತದ, ಮಲಗ್ತದ” ಎಂದಳು. ಅದನ್ನೂ ನಂಬದೆ, ಅವಳ ಕಣ್ಣೆದುರೇ ಕೂಸನ್ನು ಎತ್ತಿಕೊಂಡು ಆಟೋ ಹತ್ತಿ ಡಾಕ್ಟರ ಹತ್ತಿರ ಹೋದೆ. ಅವರು ನೋಡಿ, ಇಷ್ಟು ಗಟ್ಟಿಮುಟ್ಟಾದ ಕೂಸನ್ನು ಯಾಕೆ ತಂದಿರಿ ಎಂದು ಕೇಳಿದರು.

ಮರುದಿನ ಭೀಮಬಾಯಿ ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು. ಎಂದಿನಂತೆ ಕೂಸನ್ನು ಆಡಿಸಿದಳು. ಸಂಜೆ ಹೊರಡುವ ಮುಂಚೆ ಜಾಜಿಕಾಯಿಯನ್ನೂ ವರ್ನಿಯರನ್ನೂ ತಂದು ನನ್ನ ಮುಂದಿಟ್ಟು, “ಅಳದ್ ನೋಡ್ಕೋರಿ ಅಕ್ಕೋರೆ” ಎಂದಳು. ಕೊಂಕಿರಲಿಲ್ಲ, ಸಿಟ್ಟೂ ಇರಲಿಲ್ಲ. ಬೀಗದ ಕೈ ಒಪ್ಪಿಸಿ ಹೋಗುವವರ ದನಿ. ಮುಂದೆ ಮೂರು ತಿಂಗಳು, ಅವಳ ಮಗನಿಗೆ ಚಾಂದವಡದ ಕಡೆ ಬೇರೆ ಕೆಲಸ ಸಿಕ್ಕು ಅವರು ಹೊರಡುವ ತನಕ, ಒಂದು ಸಂಜೆಯೂ ತಪ್ಪಿಸಲಿಲ್ಲ. ಹಾಲಿನ ಲೋಟವೂ ಇರುತ್ತಿತ್ತು, ಬರೀ ಹಾಲು. ನಾಚಿಕೆಗೇಡಿನ ಮಾತೆಂದರೆ, ಮೊದಲ ಕೆಲವು ದಿನ ನಾನು ನಿಜಕ್ಕೂ ಅಳೆದೆ. ಅಂಕಿ ಬದಲಾಗಲಿಲ್ಲ. ತಪ್ಪಾಯಿತು ಎನ್ನುವ ಒಂದು ಮಾತನ್ನು ಇವತ್ತು ನಾಳೆ ಎನ್ನುತ್ತ ಹೇಳದೆಯೇ ಉಳಿದೆ. ಅವರು ಹೋದ ಮೇಲೆ ಆ ಕಡೆಯ ಯಾವ ಊರೆಂದು ಹುಡುಕಲಿ?

ಆ ಕಾಯಿ ನನ್ನ ಮಸಾಲೆ ಡಬ್ಬಿಯಲ್ಲಿ ಇನ್ನೂ ಇದೆ, ಒಂದು ಕಡೆ ಚಪ್ಪಟೆಯಾಗಿ. ಅಡುಗೆಗೆ ಬೇರೆ ತರುತ್ತೇನೆ, ಅದನ್ನು ಮುಟ್ಟುವುದಿಲ್ಲ. ಮಗಳ ಮನೆಗೆ ಬರುವಾಗಲೂ ಡಬ್ಬಿಯ ಜೊತೆ ಬಂದಿತ್ತು.

ಮೊನ್ನೆ, ಕಪಾಟು ಒರೆಸಿದ ಆ ಸಂಜೆ ಮಗಳನ್ನು ನೋಡಿದೆ. ಕಣ್ಣ ಕೆಳಗೆ ಕಪ್ಪು. ಎರಡು ವಾರದಿಂದ ಸರಿಯಾಗಿ ನಿದ್ದೆಯಿಲ್ಲ ಎಂದು ಬಂದಾಗಿನಿಂದ ಹೇಳುತ್ತಿದ್ದಳು. ಪುಡಿಯ ಡಬ್ಬಿಯನ್ನು ಬದಿಗಿಟ್ಟು ಹಳೆಯ ಕಾಯಿ ತೆಗೆದೆ. ಮೂಸಿದರೆ ಏನೂ ಇಲ್ಲ, ಕಟ್ಟಿಗೆ. ಚಪಾತಿಯ ಕಲ್ಲಿನ ಮಣೆಗೆ ನೀರು ಹಚ್ಚಿ ಎರಡು ಸುತ್ತು ತೇದೆ. ಒಳಗಿನ ವಾಸನೆ ಸಣ್ಣಗೆ ಎದ್ದು ಬಂತು. ಗುಟ್ಟಾಗಿ ಹಾಲಿಗೆ ಕಲಸಲು ಹೊರಟವಳು ನಿಂತೆ.

“ಇಲ್ಲಿ ಬಾ. ಏನ್ ಹಾಕ್ಲತ್ತೀನಿ ನೋಡು” ಎಂದು ಕರೆದೆ.

ಬಂದಳು. ಲೋಟ ಎತ್ತಿ ಮೂಸಿದಳು, ಬೆಳಕಿಗೆ ಹಿಡಿದಳು, ಹುಬ್ಬು ಗಂಟಿಕ್ಕಿದಳು. ನನ್ನದೇ ಮಗಳು. “ಮೊದ್ಲ ನೀ ಕುಡಿ” ಎಂದಳು.

ಒಂದು ಗುಟುಕು ಕುಡಿದೆ. ಮರೆತಿದ್ದೆ ಎಂದುಕೊಂಡಿದ್ದ ರುಚಿ, ಮರೆತಿರಲಿಲ್ಲ. “ತಪ್ಪಾಯ್ತು ಭೀಮಬಾಯಿ” ಎಂದು ಜೋರಾಗಿಯೇ ಅಂದುಬಿಟ್ಟೆ.

“ಭೀಮಬಾಯಿ ಯಾರು?”

“ಕುಡಿ, ಹೇಳ್ತೀನಿ.”

ಅವಳು ಲೋಟ ಹಿಡಿದು ನನ್ನ ಪಕ್ಕ ಕೂತಳು. ಕಾಯಿಯನ್ನು ಒರೆಸಿ ಡಬ್ಬಿಗೆ ಹಾಕಿದೆ. ಎಷ್ಟು ಸವೆದಿದೆ ಎಂದು ನೋಡಲಿಲ್ಲ.