ತೀರ್ಥದಲ್ಲಿ ಬಂದ ಮೂರು ಚೂರು

ಬೆಳ್ಳೂರು ಕ್ರಾಸಿನ ಹತ್ತಿರದ ಒಂದು ಆಸ್ಪತ್ರೆ. ಅದರ ನೆಲಮಾಳಿಗೆಯಲ್ಲಿ ಸಂಘಮಿತ್ರಾ ಹದಿನೇಳು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ. ರೋಗಿಯ ಮೈಯಿಂದ ಪರೀಕ್ಷೆಗೆಂದು ತೆಗೆದ ಚೂರು ಬಾಟಲಿಯಲ್ಲಿ ಅವಳ ಮೇಜಿಗೆ ಬರುತ್ತದೆ. ಅದನ್ನು ಹದ ಮಾಡಿ, ಮೇಣದ ಅಚ್ಚಿನಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಹಾಸಿ, ಬಣ್ಣ ಕೊಟ್ಟು ಡಾಕ್ಟರ್ ಅರ್ಪಿತ ಅವರ ಮುಂದಿಡಬೇಕು. ಅವರು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗದ ಹೆಸರು ಬರೆಯುತ್ತಾರೆ. ವರದಿಯ ಕೆಳಗೆ ಡಾಕ್ಟರ ರುಜು ಇರುತ್ತದೆ, ಇವಳ ಹೆಸರು ಎಲ್ಲಿಯೂ ಇರುವುದಿಲ್ಲ. ಅದಕ್ಕೆಲ್ಲ ಅವಳು ತಲೆ ಕೆಡಿಸಿಕೊಂಡವಳಲ್ಲ.

ಅವಳು ತಲೆ ಕೆಡಿಸಿಕೊಳ್ಳುವುದು ತನ್ನ ಚಿಮುಟಕ್ಕೆ. ಹಲ್ಲಿರುವ ಚಿಮುಟದಲ್ಲಿ ಹಿಡಿದರೆ ಎಳೆಯಂಥ ಚೂರು ನಜ್ಜುಗುಜ್ಜಾಗಿ ಡಾಕ್ಟರಿಗೆ ಏನೂ ಕಾಣುವುದಿಲ್ಲ. ಅದಕ್ಕೇ ನುಣ್ಣನೆ ತುದಿಯ ಒಂದು ಹಳೆಯ ಚಿಮುಟವನ್ನು ಬಟ್ಟೆಯಲ್ಲಿ ಸುತ್ತಿ, ಮದುವೆಯ ಒಡವೆಯಂತೆ ಕಾಪಾಡಿಕೊಂಡಿದ್ದಾಳೆ. ಜೊತೆಗೆ ಕೆಲಸ ಮಾಡುವ ಅಶೋಕ್ ಒಮ್ಮೆ ಅದರ ತುದಿಯಿಂದ ಡಬ್ಬಿಯ ಮುಚ್ಚಳ ಮೀಟಿದ್ದಕ್ಕೆ ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದಳು.

ಇನ್ನೊಂದು ಅಭ್ಯಾಸ ಎಣಿಕೆಯದು. ಬಾಟಲಿಯಿಂದ ಚೂರು ತೆಗೆಯುವಾಗ ಅವಳು ಗಟ್ಟಿಯಾಗಿ ಎಣಿಸುತ್ತಾಳೆ, "ಲಾಭ, ಎರಡು, ಮೂರು" ಎಂದು. ಅಕ್ಕಿಹೆಬ್ಬಾಳಿನ ಕಣದಲ್ಲಿ ಅವಳ ಅಪ್ಪ ಮರಿಯಯ್ಯ ರಾಗಿ ಅಳೆಯುತ್ತಿದ್ದುದು ಹಾಗೆಯೇ. ಮೊದಲ ಅಳತೆಗೆ ಯಾರೂ ಒಂದು ಎನ್ನುತ್ತಿರಲಿಲ್ಲ, ಶುಭವೆಂದು ಲಾಭ ಎನ್ನುತ್ತಿದ್ದರು. ಅಶೋಕ್ ನಗುತ್ತಾನೆ, ನಗಲಿ. ಅವಳು ಎಣಿಸುವುದಕ್ಕೆ ಕಾರಣ ಬೇರೆಯೇ ಇದೆ. ಅವಳು ಪಿಯುಸಿ ಓದುವಾಗ ಅವ್ವ ಕುಳ್ಳಮ್ಮನ ಕತ್ತಿನಲ್ಲಿ ಗಂಟೆದ್ದಿತ್ತು. ಚೂರು ತೆಗೆದು ಎಲ್ಲಿಗೋ ಕಳಿಸಿದರು. ಹದಿನೈದು ದಿನ ಬಿಟ್ಟು, ಚೂರು ಸಿಗುತ್ತಿಲ್ಲ, ಇನ್ನೊಮ್ಮೆ ತೆಗೆಸಿ ಎಂದರು. ಕಳೆದವರು ಯಾರು ಎಂದು ಯಾರೂ ಹೇಳಲಿಲ್ಲ. ಅವ್ವ ಎರಡನೇ ಸಲ ಒಪ್ಪಲಿಲ್ಲ. ವರ್ಷದೊಳಗೆ, ಯಾವ ಕಾಯಿಲೆ ಎಂದು ಗೊತ್ತಾಗದೆಯೇ, ಹೋಗಿಬಿಟ್ಟಳು.

ಹೋದ ವರ್ಷ ಆಷಾಢದ ಒಂದು ಮಂಗಳವಾರ, ಊಟದ ಹೊತ್ತು ಮುಗಿದ ಮೇಲೆ, ಅರವತ್ತು ದಾಟಿದ ಒಬ್ಬ ರೈತ ಬಾಗಿಲಲ್ಲಿ ಬಂದು ನಿಂತ. ಹೆಸರು ಬೋರಯ್ಯ, ಶ್ರೀರಂಗಪಟ್ಟಣದ ಕಡೆಯವನು. ಹೆಂಡತಿ ಬೆಟ್ಟಮ್ಮನ ಕತ್ತಿನ ಗಂಟಿನಿಂದ ಬೆಳಿಗ್ಗೆ ಅಲ್ಲಿನ ನರ್ಸಿಂಗ್ ಹೋಮಿನಲ್ಲಿ ಸೂಜಿ ಹಾಕಿ ತೆಗೆದ ಚೂರುಗಳನ್ನು ಬಸ್ಸಿನಲ್ಲಿ ತಾನೇ ತಂದಿದ್ದ. ಚೀಟಿಯಲ್ಲಿ ಮೂರು ಚೂರು ಎಂದು ಬರೆದಿತ್ತು. ಸಂಘಮಿತ್ರಾ ಬಾಟಲಿಯ ಮುಚ್ಚಳ ತೆಗೆದಳು. ಎಂದಿನಂತೆ ಘಾಟಿಗೆ ಕಣ್ಣು ಉರಿಯಲಿಲ್ಲ. ಒಳಗೆ ಕೆಂಪು ನೀರು, ಹೂವಿನ ಎಸಳು, ಪಚ್ಚಕರ್ಪೂರದ ಪರಿಮಳ.

"ಇದೇನು ಯಜಮಾನ್ರೆ? ಇದ್ರಲ್ಲಿದ್ದ ಔಸ್ದಿ ಎಲ್ಲಿ?"

"ಅದಾ, ಚೆಲ್ಬುಟ್ಟೆ ಕಣವ್ವ. ಬಸ್ನಲ್ಲಿ ಮುಚ್ಚಳ ಸಡ್ಲ ಆಗಿ ಕಣ್ಣೆಲ್ಲ ಉರ್ದೋಯ್ತು. ನನ್ ಕಣ್ಗೇ ಇಂಗಾದ್ರೆ ಅವಳ್ ಮಾಂಸಕ್ಕೆ ಎಂಗಾದಾತು ಅಂತ ಪಾಂಡವಪುರ ಸ್ಟ್ಯಾಂಡ್ನಲ್ಲಿ ಮೋರಿಗೆ ಸುರ್ದೆ. ಗಂಜಾಂನಲ್ಲಿ ನಿಮಿಷಾಂಬೆ ತೀರ್ಥ ಇಸ್ಕೊಂಡಿದ್ದೆ, ಅದ್ನೇ ತುಂಬಿವ್ನಿ."

ಸಂಘಮಿತ್ರಾಗೆ ಸಿಟ್ಟು ನೆತ್ತಿಗೇರಿತು. ಆ ಘಾಟು ನೀರಿನ ಹೆಸರು ಫಾರ್ಮಲಿನ್, ಮೈಯಿಂದ ಬೇರೆಯಾದ ಚೂರನ್ನು ಕೆಡದಂತೆ ಹಿಡಿಯುವುದೇ ಅದು. ಬರೀ ನೀರಿನಲ್ಲಿ ಚೂರು ಊದಿಕೊಂಡು ಹಾಳಾಗುತ್ತದೆ. ಬಯ್ಯಲು ಬಾಯಿ ತೆರೆದವಳು ಮುದುಕನ ಮುಖ ನೋಡಿದಳು. ಹೆಂಡತಿಗೆ ಉರಿಯಬಾರದು ಎಂದು ಇಷ್ಟು ಮಾಡಿದವನಿಗೆ ಏನೆಂದು ಬಯ್ಯುವುದು?

"ಅಕ್ಕಾ, ರಿಜೆಕ್ಟ್ ಅಂತ ಬರ್ದು ಕಳ್ಸಿ. ರೂಲ್ಸೇ ಐತಲ್ಲ" ಎಂದ ಅಶೋಕ್.

ಬೋರಯ್ಯನಿಗೆ ಅಷ್ಟು ಅರ್ಥವಾಯಿತು. "ಅಂಗನ್ಬ್ಯಾಡಿ ತಾಯಿ. ಇದು ಎರಡ್ನೇ ಸಲ. ಮೊದಲ್ನೇ ಸಲ ತಗ್ದಿದ್ದು ಸಾಲ್ದು ಅಂದ್ರು. ಇನ್ನೊಂದ್ಸಲ ಸೂಜಿ ಅಂದ್ರೆ ಸತ್ರೂ ಬರಕಿಲ್ಲ ಅಂದವ್ಳೆ" ಎಂದ.

ಸಂಘಮಿತ್ರಾ ತಟ್ಟೆಯ ಮೇಲೆ ತೆಳುಬಟ್ಟೆ ಹಾಸಿ ತೀರ್ಥವನ್ನು ನಿಧಾನವಾಗಿ ಸೋಸಿದಳು. ದೀಪ ಹತ್ತಿರ ಎಳೆದುಕೊಂಡು ತನ್ನ ಚಿಮುಟ ಬಿಚ್ಚಿದಳು. ಶ್ಯಾವಿಗೆ ಎಳೆಯಂಥ ಬಿಳಿಯ ಚೂರು ಒಂದು ಸಿಕ್ಕಿತು. "ಲಾಭ" ಎಂದಳು. ಇನ್ನೊಂದು ಮುಚ್ಚಳದ ಅಂಚಿಗೆ ಅಂಟಿತ್ತು. "ಎರಡು." ಎರಡನ್ನೂ ಆಗಲೇ ಹೊಸ ಫಾರ್ಮಲಿನ್ನಿಗೆ ಇಳಿಸಿದಳು. ಮೂರನೆಯದು ಕಾಣಲಿಲ್ಲ. ಬಟ್ಟೆ ನೋಡಿದಳು, ಬಾಟಲಿಯ ತಳ ನೋಡಿದಳು.

ಅವಳು ಎಣಿಸುವುದನ್ನು ನಿಲ್ಲಿಸಿದ್ದು ಬೋರಯ್ಯನ ಕಿವಿಗೂ ಬಿತ್ತು. ಕಣ ಕಂಡವನಲ್ಲವೇ. "ಮೋರಿಗೆ ವೋಯ್ತಾ ತಾಯಿ?" ಎಂದವನೇ ಗೋಡೆಗೆ ಒರಗಿ ಕುಳಿತುಬಿಟ್ಟ.

ಅವ್ವನ ಚೂರನ್ನು ಯಾರಾದರೂ ಇಷ್ಟು ಹೊತ್ತು ಹುಡುಕಿದ್ದರೋ ಇಲ್ಲವೋ ಎಂದು ಸಂಘಮಿತ್ರಾಗೆ ಅನಿಸಿತು. ಸಣ್ಣ ಕುಂಚ ತೆಗೆದುಕೊಂಡು ಹೂವಿನ ಎಸಳುಗಳನ್ನು ಒಂದೊಂದಾಗಿ ಮಗುಚತೊಡಗಿದಳು. ನಾಲ್ಕನೆಯ ಎಸಳಿನ ಬೆನ್ನಿಗೆ ಕುಂಕುಮ ಮೆತ್ತಿಕೊಂಡು ಅದು ಅಂಟಿತ್ತು. ಚಿಮುಟದಲ್ಲಿ ಹಿಡಿಯದೆ ಕುಂಚದಿಂದಲೇ ಎತ್ತಿದಳು.

"ಮೂರು" ಎಂದಳು. ಬೋರಯ್ಯ ಟವಲಿನಿಂದ ಮುಖ ಒರೆಸಿಕೊಂಡ.

ಹಾಗೆಂದು ಗೆದ್ದಂತೇನೂ ಆಗಿರಲಿಲ್ಲ. ಚೂರು ಎಷ್ಟು ಕೆಟ್ಟಿದೆ ಎಂಬುದು ಗಾಜಿನ ಮೇಲೆ ಬಂದಾಗಲೇ ತಿಳಿಯುವುದು. ಬುಧವಾರ ಮೇಣದಲ್ಲಿ ಎದ್ದು ಕಾಣಲೆಂದು ಚೂರುಗಳಿಗೆ ಕೆಂಪು ಬಣ್ಣದ ಹನಿ ಮುಟ್ಟಿಸಿ, ಕಳೆದುಹೋಗದಂತೆ ಕಾಗದದಲ್ಲಿ ಸುತ್ತಿ ಹದಕ್ಕಿಟ್ಟಳು. ಗುರುವಾರ ಅಚ್ಚು ಮಾಡಿ, ಸೀಳುವ ಯಂತ್ರದ ಹಿಡಿಯನ್ನು ಉಸಿರು ಬಿಗಿಹಿಡಿದೇ ತಿರುಗಿಸಿದಳು. ಎರಡು ಚೂರುಗಳ ಅಂಚು ಹಾಳಾಗಿತ್ತು. ಎಸಳಿಗೆ ಅಂಟಿದ್ದ ಮೂರನೆಯದು ಮಾತ್ರ ಚೆನ್ನಾಗಿ ಉಳಿದಿತ್ತು. ಡಾಕ್ಟರ್ ಅರ್ಪಿತ ಬಹಳ ಹೊತ್ತು ನೋಡಿ ಹೇಳಿದರು, "ಕ್ಯಾನ್ಸರ್ ಅಲ್ಲ ಸಂಘಮಿತ್ರಾ, ಗಂಟಿನ ಟಿಬಿ. ಆರು ತಿಂಗಳು ಮಾತ್ರೆ ತಗೊಂಡ್ರೆ ವಾಸಿಯಾಗುತ್ತೆ."

ಶುಕ್ರವಾರ ವರದಿ ಒಯ್ಯಲು ಬಂದ ಬೋರಯ್ಯ ಎರಡು ಸಲ ಓದಿಸಿ ಕೇಳಿದ. "ನಾ ಮಾಡಿದ್ದು ತಪ್ಪಾಯ್ತಾ ತಾಯಿ?" ಎಂದು ಕೇಳಿದ್ದಕ್ಕೆ ಸಂಘಮಿತ್ರಾ, "ತೀರ್ಥ ಅವ್ರಿಗೆ ಕುಡ್ಸಿ, ಚೂರ್ಗೆ ಆ ಘಾಟೇ ಇರ್ಲಿ" ಎಂದು ನಕ್ಕಳು. ಅಂದಿನಿಂದ ಸುತ್ತಲ ನರ್ಸಿಂಗ್ ಹೋಮುಗಳಿಗೆ ಅವಳು ಫಾರ್ಮಲಿನ್ ತುಂಬಿ ಕಳಿಸುವ ಪ್ರತಿ ಬಾಟಲಿಯ ಮೇಲೂ "ಕಣ್ಣು ಉರಿದರೂ ಚೆಲ್ಲಬೇಡಿ, ಚೂರಿಗೆ ಉರಿಯುವುದಿಲ್ಲ" ಎಂಬ ಚೀಟಿ ಇದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಬೋರಯ್ಯ ಮತ್ತೆ ಬಂದ. ಜೊತೆಗೆ ಎಳ್ಳುಬೆಲ್ಲದ ಪೊಟ್ಟಣ ಹಿಡಿದ ಒಬ್ಬ ಹೆಂಗಸು. ಹದಿನೇಳು ವರ್ಷದಲ್ಲಿ ಸಂಘಮಿತ್ರಾ ಸಾವಿರಾರು ಚೂರುಗಳನ್ನು ನೋಡಿದ್ದಳು, ಅವು ಯಾರವೋ ಆ ಮನುಷ್ಯರು ಈ ಬಾಗಿಲಿಗೆ ಬಂದಿರಲಿಲ್ಲ.

"ಹುಡ್ಕಿದ್ದು ಇವ್ರೇ ಕಣಮ್ಮಿ" ಎಂದ ಬೋರಯ್ಯ.

ಬೆಟ್ಟಮ್ಮ ಸೆರಗು ಸರಿಸಿ, ಸಂಘಮಿತ್ರಾಳ ಕೈ ಹಿಡಿದು ತನ್ನ ಕತ್ತಿನ ಮೇಲೆ ಇಟ್ಟುಕೊಂಡಳು. ಚರ್ಮ ಬೆಚ್ಚಗಿತ್ತು, ಗಂಟು ಇರಲಿಲ್ಲ. ಸಂಘಮಿತ್ರಾ ಕೂಡಲೇ ಕೈ ತೆಗೆಯಲಿಲ್ಲ.