ಹೀರಾಳ ಎರಡು ಬಕೆಟ್ಟು

ಅಂಕೋಲೆಯ ಮೀನುಪೇಟೆಯಲ್ಲಿ ಹೀರಾಳ ಬಾಯಿಗೆ ಹೆದರದ ಗಿರಾಕಿ ಇರಲಿಲ್ಲ. ಬಂಗಡೆಯ ಕಿವಿರು ಎತ್ತಿ ನೋಡಿ ಮೂಗು ಮುರಿದವರನ್ನು ಅಲ್ಲೇ ನೀರಿಳಿಸಿ ಕಳಿಸುತ್ತಿದ್ದಳು. ಅಂಥ ಗಟ್ಟಿಗಿತ್ತಿ ಸಂಜೆ ತನ್ನೂರು ಅವರ್ಸಾದಲ್ಲಿ ಬಸ್ಸಿಳಿದರೆ ಮಾತ್ರ ಕಳ್ಳಿಯ ಹಾಗೆ ಮನೆಯ ಹಿಂದಿನಿಂದ ಬಾವಿಕಟ್ಟೆಗೆ ನಡೆಯುವಳು. ಮಿಂದು ಸೀರೆ ಬದಲಿಸಿದ ಮೇಲೆಯೇ ಒಳಗೆ ಕಾಲಿಡುವುದು.

ಇದೆಲ್ಲ ಮಗಳು ಪ್ರೇಕ್ಷಾಳಿಗಾಗಿ. ಒಂದನೇ ಇಯತ್ತೆಯಲ್ಲಿದ್ದಾಗ, ಶಾಲೆಯಲ್ಲಿ ಪಕ್ಕ ಕೂತ ಹುಡುಗಿ ತನ್ನನ್ನು ಕಂಡು ಮೂಗು ಮುಚ್ಚಿದಳೆಂದು ಅವಳು ಅಳುತ್ತ ಬಂದಿದ್ದಳು. ಮಗು ಅದನ್ನು ಮರುದಿನವೇ ಮರೆಯಿತು, ತಾಯಿ ಮರೆಯಲಿಲ್ಲ. ಹೊಸ ನೀಲಿ ಬಕೆಟ್ಟು ತಂದಳು, ಅದು ಮಗಳ ಯುನಿಫಾರ್ಮಿಗೆ. ಹಳೇ ಕೆಂಪು ಬಕೆಟ್ಟು ತನ್ನ ಪೇಟೆಯ ಸೀರೆಗೆ. ಒಣಹಾಕುವ ಹಗ್ಗವೂ ಬೇರೆ ಬೇರೆ. ಮಗಳು ಓಡಿ ಬಂದು ಕಾಲಿಗೆ ಸುತ್ತಿಕೊಳ್ಳಲು ಹೋದರೆ, "ದೂರ ನಿಲ್ಲೇ! ಮುಟ್ಟೂಕಾಗ!" ಎಂದು ಗದರುವಳು. ಯಾಕೆಂದು ಹೇಳಲು ಅವಳಿಗೇ ನಾಚಿಕೆ. ಇನ್ನು ಬಟ್ಟೆ ಒಗೆಯಲಂತೂ ಹುಡುಗಿಯನ್ನು ಬಿಟ್ಟವಳೇ ಅಲ್ಲ.

೨೦೦೭ರ ದೀಪಾವಳಿ ಕಳೆದ ಮೇಲೆ, ಒಂದು ದಿನ ಇಸ್ವಾಣ ಮೀನು ಕೊಯ್ಯುವಾಗ ಕತ್ತಿ ಜಾರಿ ಹೀರಾಳ ಅಂಗೈ ಸೀಳಿತು. ಹೊಲಿಗೆ ಹಾಕಿದ ಡಾಕ್ಟರು ಕೈಯನ್ನು ನೀರಿಗೆ ಹಾಕಬೇಡ ಎಂದರು. ಆರನೇ ಇಯತ್ತೆಯ ಪ್ರೇಕ್ಷಾ, "ನಾ ಒಗೀತೆ ಆಯಿ" ಎಂದು ತಾನೇ ಬಾವಿಕಟ್ಟೆಗೆ ಹೋದಳು.

ಹೀರಾ ಹಿತ್ತಲ ಬಾಗಿಲಿಗೆ ಬಂದು ನೋಡಿದರೆ, ಮಗಳು ಅವಳ ಸೀರೆಯನ್ನು ತನ್ನ ಲಂಗಕ್ಕೆ ತಾಗದ ಹಾಗೆ ಕೋಲಿನ ತುದಿಯಲ್ಲಿ ಎತ್ತಿ ಬಕೆಟ್ಟಿಗೆ ಬಿಡುತ್ತಿದ್ದಳು.

ಹೀರಾಳ ಪಿತ್ತ ನೆತ್ತಿಗೇರಿತು. "ಏನೇ, ಸತ್ತ ಹಾವು ಎತ್ತೂ ಹಂಗೆ ಎತ್ತತೀ? ಆ ಸೀರೆ ಉಟ್ಟೇ ನಿನ್ನ ಸಾಕಿದ್ದು!"

ಪ್ರೇಕ್ಷಾ ಬೆಚ್ಚಿ ಕೋಲು ಬಿಟ್ಟಳು. "ನೀನೇ ಹೇಳಿದ್ಯಲ್ಲ ಆಯಿ, ಮುಟ್ಟೂಕಾಗ ಅಂತ."

ಯಾರದೋ ಮನೆಯ ಹುಡುಗಿ ಒಂದೇ ಒಂದು ದಿನ ಮೂಗು ಮುಚ್ಚಿದ್ದಳು. ಹೀರಾ ವರ್ಷಗಟ್ಟಲೆ ದಿನಾ ಅದನ್ನೇ ಮಗಳಿಗೆ ಕಲಿಸಿದ್ದಳು. ತಪ್ಪು ತನ್ನದು, ಬೈಸಿಕೊಂಡದ್ದು ಮಗು.

ಹೀರಾ ಬಂದು ಒಗೆಯುವ ಕಲ್ಲಿನ ಪಕ್ಕ ಕುಳಿತಳು. "ಕೈಯಲ್ಲೇ ಹಿಡಿ ಮಗಾ. ಮೀನಿನ ವಾಸ್ನೆ ನಿಂಗೆ ಹತ್ತತದೆ ಅಂತ ಹಂಗೆ ಹೇಳ್ತಿದ್ದೆ. ಮೊದ್ಲು ತಣ್ಣೀರಲ್ಲಿ ಜಾಲಾಡು. ಸೆರಗಲ್ಲಿ ಪರೆ ಅಂಟಿರ್ತದೆ, ಉಗುರಲ್ಲಿ ಬಿಡಿಸು. ಆಮೇಲೆ ಬಿಂಬಲಕಾಯಿ ತಿಕ್ಕು."

ಪ್ರೇಕ್ಷಾ ಮೀನಿನ ಪರೆಗಳನ್ನು ಬಿಡಿಸಿದಳು, ಹುಳಿ ಬಿಂಬಲಕಾಯಿ ಹಿಚುಕಿ ತಿಕ್ಕಿದಳು, ಸೋಪು ಹಚ್ಚಿ ಕಲ್ಲಿಗೆ ಬಡಿದಳು. ಕೊನೆಗೆ ಸೀರೆಯನ್ನು ಮೂಗಿಗೆ ಹಿಡಿದು ನೋಡಿದಳು.

"ಹೋಗೇ ಹೋಯ್ತಲ್ಲೇ ಆಯಿ! ಇಷ್ಟೇನಾ?"

"ಇಷ್ಟೇ."

ಹುಡುಗಿ ಒದ್ದೆ ಸೀರೆ ಹಿಡಿದು ತಾಯಿಯ ಕಡೆ ತಿರುಗಿದಳು. "ಹಂಗಾರೆ ದೂರ ನಿಲ್ಲು ಅಂತಿದ್ದದ್ದು ಬರೀ ಇದ್ಕೇನಾ? ನಿಂಗೆ ನಾನೇ ಬೇಡ ಅಂದ್ಕಂಡಿದ್ದೆ."

ಹೀರಾ ಮಗಳನ್ನು ಆ ಒದ್ದೆ ಸೀರೆಯ ಸಮೇತ ಎಳೆದು ಅವಚಿಕೊಂಡಳು. ಬಿಂಬಲದ ಹುಳಿ ಸೋರಿ ಹೊಲಿಗೆ ಹಾಕಿದ ಅಂಗೈ ಚುರುಚುರು ಉರಿಯಿತು. ಉರಿಯಲಿ ಎಂದುಕೊಂಡಳು, ಕೈ ಸಡಿಲಿಸಲಿಲ್ಲ.